ನೂರಕ್ಕೆ ನೂರು ಫಲಿತಾಂಶ ಅಂದರೆ ನಾನು ಎಂಟನೇ ತರಗತಿಯ ಹಾಜರಿ ಪುಸ್ತಕ ಕೇಳುತ್ತೇನೆ

ಸಕಲೇಶಪುರದ ಕಡೆ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು ನಾನು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳವರು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಸಭೆಯಲ್ಲಿ ಒಂದು ಮಾತು ಇದ್ದೇ ಇರುತ್ತದೆ: "ಆ ಶಾಲೆ ಮಕ್ಕಳೂ ಬಡವರೇ. ಅಲ್ಲಿ ನೂರಕ್ಕೆ ನೂರು. ನಿಮಗೇನ್ರೀ ಕಷ್ಟ?"

ಅಂಥದೊಂದು ಶಾಲೆಯ ಲೆಕ್ಕ ನೋಡಿದೆ. ಹೆಸರು ಬೇಡ. ಎಷ್ಟು ಜನ ಪಾಸಾದರು ಅಂತ ನೋಡುವುದನ್ನು ಬಿಟ್ಟು, ಅದೇ ಬ್ಯಾಚಿನಲ್ಲಿ ಎಂಟಕ್ಕೆ ಸೇರಿದ್ದವರ ಹೆಸರುಗಳನ್ನು ಪರೀಕ್ಷೆ ಬರೆದವರ ಪಟ್ಟಿಯ ಪಕ್ಕ ಇಟ್ಟೆ. ಹಲವು ಹೆಸರು ಇರಲೇ ಇಲ್ಲ. ಕೆಲವರು ಟಿ.ಸಿ. ಪಡೆದಿದ್ದರು. ಕೆಲವರಿಗೆ ಹಾಜರಾತಿ ಸಾಲದೆ ಪರೀಕ್ಷೆಗೆ ಕೂರಲು ಆಗಿರಲಿಲ್ಲ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋಗುವ ಮಗುವಿಗೆ ಶೇ. 75 ಹಾಜರಾತಿ ಎಲ್ಲಿಂದ ಬರಬೇಕು? ಬಡತನ ಮೊದಲು ಹೊಡೆಯುವುದೇ ಅಲ್ಲಿ. ಆ ಮಕ್ಕಳು ಶೇಕಡಾವಾರಿನ ಲೆಕ್ಕಕ್ಕೇ ಬರುವುದಿಲ್ಲ.

ಆಮೇಲೆ ಹಿಂದಿನ ವರ್ಷಗಳನ್ನೂ ನೋಡುತ್ತೇನೆ. ಹತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಫೇಲಾದರೆ ನೂರು ತೊಂಬತ್ತಾಗುತ್ತದೆ. ಒಂದೇ ವರ್ಷದ ನೂರನ್ನು ಸಾಧನೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಜೊತೆ ಹೋಲಿಸುವುದೂ ಸರಿಯಲ್ಲ. ಅಲ್ಲಿನ ಮಕ್ಕಳು ಬಡವರೇ, ಆದರೆ ಪ್ರವೇಶ ಪರೀಕ್ಷೆ ಬರೆದು ಬಂದವರು. ಊಟ, ಓದುವ ಹೊತ್ತು ಎರಡೂ ಅಲ್ಲೇ ಸಿಗುತ್ತದೆ.

ಪಾಸ್ ಅಂದರೇನು ಅನ್ನುವುದನ್ನೂ ಕೇಳಬೇಕು. ನೂರರಲ್ಲಿ 20 ಅಂಕ ಶಾಲೆಯೇ ಕೊಡುವ ಆಂತರಿಕ ಅಂಕ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ, ಬಂತು. ಗ್ರೇಸ್ ಅಂಕ ಜಾಸ್ತಿ ಮಾಡಿದರೂ ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಕುಗ್ಗುತ್ತದಾ?

ಅಮೆರಿಕದಲ್ಲೂ ಇದೇ ವಾದ ನಡೆದಿದೆ. ಬಡ ಮಕ್ಕಳಿದ್ದೂ ಎತ್ತರಕ್ಕೇರಿದ ಸಾವಿರಾರು ಶಾಲೆಗಳ ಪಟ್ಟಿಯನ್ನು ಎಜುಕೇಶನ್ ಟ್ರಸ್ಟ್ ಎಂಬ ಸಂಸ್ಥೆ 2001ರಲ್ಲಿ ಕೊಟ್ಟಿತು. ಒಂದು ವಿಷಯ, ಒಂದು ತರಗತಿ, ಒಂದು ವರ್ಷ ಚೆನ್ನಾಗಿದ್ದರೂ ಆ ಪಟ್ಟಿಗೆ ಸೇರಬಹುದಿತ್ತು. ಅರ್ಥಶಾಸ್ತ್ರಜ್ಞ ಡಗ್ಲಸ್ ಹ್ಯಾರಿಸ್ ಹಲವು ವರ್ಷ, ಹಲವು ತರಗತಿ ಸೇರಿಸಿ ನೋಡಿದರು. ಸತತವಾಗಿ ಮೇಲಿರುವ ಸಾಧ್ಯತೆ ಬಡತನ ಹೆಚ್ಚಿರುವ ಶಾಲೆಗಳಿಗಿಂತ ಬಡತನ ಕಡಿಮೆಯಿರುವ ಶಾಲೆಗಳಿಗೆ 22 ಪಟ್ಟು ಜಾಸ್ತಿ ಇತ್ತು.

ನಮ್ಮ ಮಕ್ಕಳಿಗೆ ಕಲಿಯಲು ಆಗುವುದಿಲ್ಲ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆಗುತ್ತದೆ, ಕಣ್ಣಾರೆ ಕಂಡಿದ್ದೇನೆ. ಆದರೆ "ಅಲ್ಲಿ ಆಯಿತಲ್ಲ" ಅಂದುಬಿಟ್ಟರೆ ಸಂಜೆ ತರಗತಿ ಮುಗಿಸಿದ ಮಕ್ಕಳಿಗೆ ಬಸ್ಸು ಕೇಳುವುದು ಹೇಗೆ, ಹಾಸ್ಟೆಲ್ ಸೀಟು ಕೇಳುವುದು ಹೇಗೆ? ಈಗ ಎಂಟಕ್ಕೆ ಸೇರಿದ ಪ್ರತಿ ಮಗುವಿನ ಹೆಸರನ್ನೂ ಹತ್ತು ಮುಗಿಯುವವರೆಗೆ ನಾನೇ ಬರೆದಿಡುತ್ತೇನೆ. ಕುಯ್ಲು ಶುರುವಾಗುವ ಮೊದಲೇ ಲೈನ್ ಮನೆಗಳಿಗೆ ಹೋಗಿ ಹೆತ್ತವರ ಜೊತೆ ಮಾತಾಡುತ್ತೇನೆ.