ಕ್ಯಾನ್ಸರ್ ಆಪರೇಷನ್‌ಗೆ ಯಾವ ಅರಿವಳಿಕೆ? ನನ್ನ ಅನುಭವ

2006ರಲ್ಲಿ ಬಂದ ಒಂದು ಸಣ್ಣ ಅಧ್ಯಯನ ನನ್ನಂಥ ಅರಿವಳಿಕೆ ವೈದ್ಯರ ತಲೆಯಲ್ಲಿ ತುಂಬಾ ವರ್ಷ ಕೂತಿತ್ತು. ಸ್ತನ ಕ್ಯಾನ್ಸರ್ ಆಪರೇಷನ್ ಆದ 129 ಹೆಂಗಸರ ಹಳೆಯ ಫೈಲುಗಳನ್ನು ಐರ್ಲೆಂಡ್‌ನಲ್ಲಿ ತೆಗೆದು ನೋಡಿದ್ದರು. ಬೆನ್ನುಮೂಳೆಯ ಪಕ್ಕ ಮರಗಟ್ಟಿಸುವ ಪ್ಯಾರಾವರ್ಟಿಬ್ರಲ್ ಬ್ಲಾಕ್ ಪಡೆದವರಲ್ಲಿ ಮೂರು ವರ್ಷದ ಹೊತ್ತಿಗೆ ಶೇ. 94 ಮಂದಿಗೆ ಕ್ಯಾನ್ಸರ್ ಮರಳಿರಲಿಲ್ಲ. ಬ್ಲಾಕ್ ಇಲ್ಲದೆ ಮಾರ್ಫಿನ್ ಮೇಲೆ ಇದ್ದವರಲ್ಲಿ ಅದು ಶೇ. 77.

ಕಾರಣವೂ ನಂಬುವ ಹಾಗೇ ಇತ್ತು. ಆಪರೇಷನ್ ಅಂದರೆ ದೇಹಕ್ಕೆ ದೊಡ್ಡ ಹೊಡೆತ. ಆಗ ಅಡ್ರಿನಲಿನ್ ಏರುತ್ತದೆ, ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಬಿಳಿ ರಕ್ತಕಣಗಳು ಸ್ವಲ್ಪ ದಿನ ಮಂಕಾಗುತ್ತವೆ. ಗಂಟನ್ನು ಮುಟ್ಟಿ ಎಳೆದಾಡುವಾಗ ರಕ್ತಕ್ಕೆ ಜಾರಿದ ಕೋಶಗಳಿಗೆ ಅದೇ ಒಳ್ಳೆ ಸಮಯ. ನೋವು ಮೆದುಳಿಗೇ ಹೋಗದಿದ್ದರೆ, ಮಾರ್ಫಿನ್ ಬೇಡವಾದರೆ ಒಳ್ಳೇದಲ್ವಾ?

ಹಾಗಾಗಿ ಅಲ್ಟ್ರಾಸೌಂಡ್ ನೋಡಿಕೊಂಡು ಬ್ಲಾಕ್ ಹಾಕುವುದನ್ನು ಹಟ ಹಿಡಿದು ಕಲಿತೆ. ಶ್ವಾಸಕೋಶದ ಪೊರೆ ಅಲ್ಲೇ ಹತ್ತಿರದಲ್ಲಿರುತ್ತದೆ, ಸೂಜಿಯ ತುದಿ ಕಾಣದೆ ಮುಂದೆ ತಳ್ಳುವ ಹಾಗಿಲ್ಲ. 2016ರಲ್ಲಿ ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯ ವರದಿ ಬಂತು. ಏಳು ಸಾವಿರಕ್ಕೂ ಜಾಸ್ತಿ ರೋಗಿಗಳ ದಾಖಲೆ ನೋಡಿದಾಗ, ಪ್ರಜ್ಞೆ ತಪ್ಪಿಸಲು ಉಸಿರಿನ ಮೂಲಕ ಗ್ಯಾಸ್ ಪಡೆದವರಿಗಿಂತ ರಕ್ತನಾಳಕ್ಕೆ ಪ್ರೊಪೊಫಾಲ್ ಔಷಧಿ ಪಡೆದವರು ಹೆಚ್ಚು ಬದುಕಿದ್ದರು. ನಾನೂ ಕ್ಯಾನ್ಸರ್ ಕೇಸುಗಳಿಗೆ ಸೆವೋಫ್ಲುರೇನ್ ಅನ್ನುವ ಗ್ಯಾಸ್ ಬಿಟ್ಟು ಸಿರಿಂಜ್ ಪಂಪಿನಲ್ಲಿ ಪ್ರೊಪೊಫಾಲ್ ಓಡಿಸತೊಡಗಿದೆ.

ಆದರೆ ಹಳೆಯ ಫೈಲು ನೋಡುವುದಕ್ಕೂ, ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ ನೋಡುವುದಕ್ಕೂ ತುಂಬಾ ವ್ಯತ್ಯಾಸ. 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಎಂಟು ದೇಶಗಳ 13 ಆಸ್ಪತ್ರೆಗಳಿದ್ದವು, ಎರಡು ಸಾವಿರಕ್ಕೂ ಹೆಚ್ಚು ಹೆಂಗಸರಿದ್ದರು. ಬ್ಲಾಕ್ ಜೊತೆ ಪ್ರೊಪೊಫಾಲ್ ಒಂದು ಕಡೆ, ಸೆವೋಫ್ಲುರೇನ್ ಜೊತೆ ಮಾರ್ಫಿನ್ ಜಾತಿಯ ಔಷಧಿ ಇನ್ನೊಂದು ಕಡೆ. ಕ್ಯಾನ್ಸರ್ ಮರಳಿದ್ದು ಎರಡೂ ಕಡೆ ಶೇ. 10. 2023ರ ಸ್ವೀಡನ್ ಅಧ್ಯಯನದಲ್ಲಿ ಪ್ರೊಪೊಫಾಲ್ ಆಗಲಿ ಸೆವೋಫ್ಲುರೇನ್ ಆಗಲಿ, ಐದು ವರ್ಷಕ್ಕೆ ಬದುಕಿದ್ದವರು ಹತ್ತಿರ ಹತ್ತಿರ ಶೇ. 92.

ನಾನು ಬ್ಲಾಕ್ ಬಿಡಲಿಲ್ಲ. ನೋವು ಕಡಿಮೆ, ಸಂಜೆಗೇ ಎದ್ದು ಕೂರುತ್ತಾರೆ, ಅಷ್ಟು ಸಾಕು. ವಾಂತಿ ಜಾಸ್ತಿ ಆಗುವವರಿಗೆ ಪ್ರೊಪೊಫಾಲ್, ಉಳಿದವರಿಗೆ ಗ್ಯಾಸ್. "ಕತ್ತಿ ತಾಗಿದ್ರೆ ಹರಡುತ್ತಂತೆ, ಪ್ರಜ್ಞೆ ತಪ್ಪಿಸೋ ಔಷಧಿಯಿಂದ ಇನ್ನೂ ಜಾಸ್ತಿ ಆಗುತ್ತಂತೆ, ಹೌದಾ ಡಾಕ್ಟ್ರೇ?" ಅಂತ ಮನೆಯವರು ಕೇಳುತ್ತಾರೆ. ಯಾವ ಅರಿವಳಿಕೆ ಕೊಟ್ಟರೂ ಅದರಿಂದ ವ್ಯತ್ಯಾಸ ಕಂಡಿಲ್ಲ, ಆದರೆ ಗಂಟನ್ನು ಒಳಗೇ ಬಿಟ್ಟರೆ ಹರಡೋದು ಖಂಡಿತ ಅನ್ನುತ್ತೇನೆ.

ನಮ್ಮ ಓಟಿಯಲ್ಲಿ ನಿಜವಾಗಿ ಹೊಸದಾಗಿ ಸೇರಿದ್ದು ಚುಚ್ಚಿದ ಜಾಗವನ್ನು ಮರಗಟ್ಟಿಸುವ ಅಗ್ಗದ ಔಷಧಿ, ಲಿಗ್ನೊಕೇನ್. ಮುಂಬೈನ ಟಾಟಾ ಮೆಮೋರಿಯಲ್‌ನ ಸರ್ಜನ್ ರಾಜೇಂದ್ರ ಬಡ್ವೆ ಅವರ ತಂಡ ದೇಶದ 11 ಕೇಂದ್ರಗಳಲ್ಲಿ, ಸುಮಾರು 1,600 ಹೆಂಗಸರಲ್ಲಿ ಇದನ್ನು ಪರೀಕ್ಷಿಸಿತು. 2023ರಲ್ಲಿ ಫಲಿತಾಂಶ ಬಂತು. ಗಂಟು ತೆಗೆಯುವ 7ರಿಂದ 10 ನಿಮಿಷ ಮುಂಚೆ ಅದರ ಸುತ್ತ 0.5% ಲಿಗ್ನೊಕೇನ್ ಚುಚ್ಚಿದವರಲ್ಲಿ ಐದು ವರ್ಷಕ್ಕೆ ಬದುಕಿದ್ದವರು ಶೇ. 90.1, ಚುಚ್ಚದವರಲ್ಲಿ 86.4. ನರವನ್ನು ಮರಗಟ್ಟಿಸುವಾಗ ಲಿಗ್ನೊಕೇನ್ ಮುಚ್ಚುವ ಸೋಡಿಯಂ ಬಾಗಿಲುಗಳು ಕ್ಯಾನ್ಸರ್ ಕೋಶಗಳಲ್ಲೂ ಇವೆ. ಕೋಶ ಜಾಗ ಬಿಟ್ಟು ಹೊರಡಲು ಅವೂ ಬೇಕು ಅನ್ನುವುದು ಅವರ ವಿವರಣೆ.

ಚುಚ್ಚುವುದು ಸರ್ಜನ್, ಲೆಕ್ಕ ನನ್ನದು. 2% ಲಿಗ್ನೊಕೇನ್ ಒಂದು ಪಾಲು, ಸಲೈನ್ ಮೂರು ಪಾಲು. ಕಿಲೋ ತೂಕಕ್ಕೆ 4.5 ಮಿಲಿಗ್ರಾಂ ದಾಟುವಂತಿಲ್ಲ. 50 ಕಿಲೋ ಇರುವವರಿಗೆ 225 ಮಿಲಿಗ್ರಾಂ, ಅಂದರೆ 45 ಎಂಎಲ್. ಟ್ರೇಯಲ್ಲಿ ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನ್ ಬಾಟಲಿಯೂ ಪಕ್ಕದಲ್ಲೇ ಇರುತ್ತದೆ, ಅದು ಕೈತಪ್ಪಿ ಬರದಿರಲಿ ಅಂತ ಲೇಬಲ್ ಜೋರಾಗಿ ಓದಿಸುತ್ತೇನೆ. ಚುಚ್ಚಿದ ಮೇಲೆ ಕಾಯುವುದು ಸರ್ಜನ್‌ಗಳಿಗೆ ಆಗಿಬರದ ಕೆಲಸ. ಅದಕ್ಕೆ ಮೊದಲು ಒಮ್ಮೆ ಒರೆಸಿ ಚುಚ್ಚಿ, ಆಮೇಲೆ ಪೂರ್ತಿ ಬೀಟಾಡಿನ್ ಬಳಿದು ಬಟ್ಟೆ ಹೊದಿಸುವಷ್ಟರಲ್ಲಿ ಏಳು ನಿಮಿಷ ತಾನಾಗೇ ಕಳೆಯುತ್ತದೆ.

ಇಲ್ಲೊಂದು ತೊಡಕಿದೆ. ಬ್ಲಾಕಿಗೆ ಹಾಕುವ ರೋಪಿವಕೇನ್ ಕೂಡ ಇದೇ ಜಾತಿಯದು. ಎರಡರ ವಿಷವೂ ಕೂಡಿಕೊಳ್ಳುತ್ತದೆ. ಎಚ್ಚರ ಇರುವವರಾದರೆ ನಾಲಿಗೆ ಜುಮ್ ಅಂತಿದೆ, ಕಿವಿ ಗುಂಯ್ ಅಂತಿದೆ ಅಂದಾರು. ಮತ್ತಿನಲ್ಲಿ ಇರುವವರು ಏನೂ ಹೇಳುವುದಿಲ್ಲ, ನಮಗೆ ಮೊದಲು ಕಾಣುವುದು ಇಸಿಜಿಯ ಏರುಪೇರೇ. ಹಾಗಾಗಿ ಲಿಗ್ನೊಕೇನ್ ಚುಚ್ಚುವ ದಿನ ಬ್ಲಾಕನ್ನು ಆಪರೇಷನ್ ಮುಗಿದ ಮೇಲೆ, ಡೋಸ್ ಇಳಿಸಿ ಹಾಕುತ್ತೇನೆ. ಈ ವಿಷ ಏರಿದರೆ ರಕ್ತನಾಳಕ್ಕೆ ಕೊಡುವ 20% ಲಿಪಿಡ್ (ಕೊಬ್ಬಿನ ದ್ರಾವಣ) ಬಾಟಲಿ ಕೈಗೆ ಸಿಗುವಲ್ಲೇ ಇರಬೇಕು, ಕೆಳಗಿನ ಔಷಧಿ ಅಂಗಡಿಯಲ್ಲಿ ಅಲ್ಲ.

ಟಾಟಾ ಅಧ್ಯಯನವನ್ನೂ ಕಣ್ಣುಮುಚ್ಚಿ ಒಪ್ಪುವವಳಲ್ಲ ನಾನು. ಇನ್ನೊಂದು ಗುಂಪಿಗೆ ಬರೀ ಸಲೈನ್ ಆದರೂ ಚುಚ್ಚಿ ಹೋಲಿಸಿರಲಿಲ್ಲ. ಬೇರೆ ದೇಶದವರೂ ಮಾಡಿ ತೋರಿಸಲಿ. ಆದರೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಅವರಿಗೆ ಅಡ್ಡಪರಿಣಾಮವೂ ಕಂಡಿಲ್ಲ, ಅದಕ್ಕೆ ಹಾಕುತ್ತೇವೆ. ಅಲ್ಲಿದ್ದವರೆಲ್ಲ ಗಂಟು ಬೇಗ ಪತ್ತೆಯಾಗಿ ನೇರ ಆಪರೇಷನ್‌ಗೆ ಬಂದವರು. ನಮ್ಮಲ್ಲಿಗೆ ಬರುವವರಲ್ಲಿ ಅನೇಕರು ತಡವಾಗಿ ಬಂದು ಮೊದಲು ಕೀಮೋ ಮಾಡಿಸಿಕೊಂಡಿರುತ್ತಾರೆ. ಅವರಿಗೆ ಸರ್ಜನ್ ಕೇಳಿದರೆ ಲಿಗ್ನೊಕೇನ್ ಕಲಸಿಕೊಡುತ್ತೇನೆ, ಮನೆಯವರಿಗೆ ಮಾತ್ರ 90 ಮತ್ತು 86ರ ಲೆಕ್ಕ ಹೇಳುವುದಿಲ್ಲ.