ಕಾಸರಗೋಡಿನ ಮಳೆಯಲ್ಲಿ ಗಾರ್ಲಿಕ್ ಚೈವ್ಸ್ ಬೆಳೆದ ನನ್ನ ಅನುಭವ

ಬೆಳ್ಳುಳ್ಳಿ ಚೆನ್ನಾಗಿ ಗಡ್ಡೆ ಕಟ್ಟಬೇಕಾದರೆ ಚಳಿ ಬೇಕು. ಅದು ನಮ್ಮ ಬದಿಯಡ್ಕದ ಕಡೆ ಸಿಗುವುದಿಲ್ಲ. ಆದರೆ ಎಲೆಯಲ್ಲಿಯೇ ಬೆಳ್ಳುಳ್ಳಿಯ ಪರಿಮಳವಿರುವ ಗಾರ್ಲಿಕ್ ಚೈವ್ಸ್ ನಮ್ಮ ಅಂಗಳದಲ್ಲಿ ಹಲವು ವರ್ಷಗಳಿಂದ ಹಸುರಾಗಿ ನಿಂತಿದೆ. ಈ ಗಿಡಕ್ಕೆ ಇಲ್ಲಿ ಬಿಸಿಲಿಗಿಂತ ಮಳೆಯೇ ದೊಡ್ಡ ಕಂಟಕವಾದ್ದರಿಂದ, ನಾನು ಮಾಡುವ ಆರೈಕೆಯಲ್ಲಿ ಹೆಚ್ಚಿನದು ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದೇ ಆಗಿದೆ.

ಇದರ ಕಪ್ಪು ಬೀಜಗಳು ವರ್ಷ ಕಳೆದರೆ ಸರಿಯಾಗಿ ಮೊಳೆಯುವುದಿಲ್ಲ. ಆದ್ದರಿಂದ ಬೆಳೆದ ಹಿಂಡಿಲನ್ನು ಬಿಡಿಸಿ, ನಾಲ್ಕೈದು ಸಸಿಗಳನ್ನು ಒಟ್ಟಿಗೆ ನೆಡುವುದೇ ಮೇಲು. ನಮ್ಮ ಮುರಮಣ್ಣು ಹುಳಿಗುಣದ್ದು. ಅದಕ್ಕೆ ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ ಮತ್ತು ಸ್ವಲ್ಪ ಮರಳು ಬೆರೆಸಿ, ಚಟ್ಟಿಯ ತೂತಿನ ಮೇಲೆ ಹಂಚಿನ ಚೂರಿಟ್ಟು ತುಂಬುತ್ತೇನೆ. ಜೂನ್ ಹಿಡಿಯುವ ಮೊದಲೇ ಚಟ್ಟಿಗಳನ್ನು ಕಲ್ಲುಗಳ ಮೇಲೆ ಎತ್ತರಿಸಿ, ಮಾಡಿನ ನೀರು ನೇರವಾಗಿ ಬೀಳದ, ಆದರೆ ಬೆಳಗಿನ ಬಿಸಿಲು ತಾಗುವ ಜಗಲಿಯಂಚಿಗೆ ಸರಿಸುತ್ತೇನೆ. ಆ ತಿಂಗಳುಗಳಲ್ಲಿ ಗೊಬ್ಬರವನ್ನೇ ಹಾಕುವುದಿಲ್ಲ.

ಎಲೆಗಳನ್ನು ಒಂದೊಂದಾಗಿ ಕೀಳುವುದು ನನಗೆ ಒಪ್ಪಿಗೆಯಿಲ್ಲ. ಹರಿತವಾದ ಕತ್ತರಿಯಿಂದ ನೆಲದಿಂದ ಎರಡು ಬೆರಳೆತ್ತರ ಬಿಟ್ಟು ಹಿಂಡಿಲನ್ನು ಪೂರ್ತಿ ಕತ್ತರಿಸಿದರೆ ಹೊಸ ಎಲೆಗಳು ಎಳೆಯದಾಗಿ, ಒತ್ತಾಗಿ ಬರುತ್ತವೆ. ಬೇಸಗೆಯಲ್ಲಿ ನುಸಿ ಹೀರಿ ಎಲೆಗಳಲ್ಲಿ ಬೆಳ್ಳಿಬಣ್ಣದ ಗೆರೆಗಳು ಕಂಡಾಗಲೂ ನನ್ನ ಮದ್ದು ಇದೇ: ಎಲ್ಲವನ್ನೂ ಕತ್ತರಿಸಿ ದೂರ ಸುಟ್ಟುಬಿಡುವುದು. ಕೊಯ್ದ ಬಳಿಕ ಹತ್ತು ಪಾಲು ನೀರು ಬೆರೆಸಿದ ಗೋಮೂತ್ರವನ್ನು ಬುಡಕ್ಕೆ ಹೊಯ್ಯುತ್ತೇನೆ. ಬಿಳಿ ಹೂವಿನ ದಂಟುಗಳನ್ನು ಮೊಗ್ಗಿನಲ್ಲೇ ಪಲ್ಯಕ್ಕೆ ಬಳಸಿದರೆ ಬೀಜ ಉದುರಿ ಅಂಗಳವೆಲ್ಲ ಹಬ್ಬುವ ಭಯವಿಲ್ಲ. ಎರಡು ಮೂರು ವರ್ಷಗಳಿಗೊಮ್ಮೆ, ಮಳೆ ಇಳಿದ ಮೇಲೆ, ಬೇರುಗಳು ಇಕ್ಕಟ್ಟಾದ ಹಿಂಡಿಲನ್ನು ಬಿಡಿಸಿ ಮತ್ತೆ ನೆಡುತ್ತೇನೆ.

ಎಲೆಗಳನ್ನು ತುಪ್ಪದಲ್ಲಿ ಕ್ಷಣಕಾಲ ಬಾಡಿಸಿ, ತೆಂಗಿನತುರಿ ಮತ್ತು ಜೀರಿಗೆಯೊಂದಿಗೆ ಅರೆದು ಮಜ್ಜಿಗೆಗೆ ಬೆರೆಸಿದ ತಂಬುಳಿ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ಹೆಚ್ಚು ಹೊತ್ತು ಬೇಯಿಸಿದರೆ ಪರಿಮಳ ಉಳಿಯುವುದಿಲ್ಲ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಅಂಗಳದ ಅಂಚಿಗೆ ಅಂದಕ್ಕಾಗಿ ನೆಡುವ ಬಿಳಿ ಹೂವಿನ ರೈನ್ ಲಿಲ್ಲಿಯ ಎಲೆಯೂ ಹೆಚ್ಚುಕಡಿಮೆ ಹೀಗೆಯೇ ಕಾಣುತ್ತದೆ, ಮತ್ತು ಅದು ವಿಷದ ಗಿಡ. ಅದರ ಎಲೆಗೆ ಬೆಳ್ಳುಳ್ಳಿಯ ವಾಸನೆಯಿರುವುದಿಲ್ಲ. ಆದ್ದರಿಂದ ಇವೆರಡನ್ನು ನಾನು ಅಕ್ಕಪಕ್ಕ ಬೆಳೆಸುವುದಿಲ್ಲ, ಸಸಿ ಕೇಳಿ ಬಂದವರ ಕೈಯಲ್ಲಿ ಎಲೆಯನ್ನು ಹಿಸುಕಿಸಿ, ಮೂಸಿ ನೋಡಿದ ಮೇಲೆಯೇ ಕೊಟ್ಟು ಕಳುಹಿಸುತ್ತೇನೆ.