ಹೊಸ ಡಿಜೆ ಮಿಕ್ಸ್ ಕಳಿಸಿದಾಗ: ಕೇಳುವುದು ಹೇಗೆ, ತಿದ್ದುವುದು ಹೇಗೆ

‘ಮಗಾ, ಅರ್ಧ ಗಂಟೆದು ಒಂದು ಮಿಕ್ಸ್ ಮಾಡಿದೀನಿ, ಕೇಳಿ ಹೇಳೋ’ ಎಂದು ಹೊಸ ಡಿಜೆ ಹಾಡುಗಳನ್ನು ಒಂದಕ್ಕೊಂದು ಬೆಸೆದು ಕಳಿಸಿದ ಸಂದೇಶಕ್ಕೆ ಬರುವ ಉತ್ತರ ಸಾಮಾನ್ಯವಾಗಿ ಎರಡೇ ಬಗೆ. ‘ಸೂಪರ್ ಗುರು’, ಇಲ್ಲವೇ ‘ಯಾಕೋ ಫ್ಲೋ ಇಲ್ಲ’. ಮೊದಲನೆಯದರಿಂದ ಖುಷಿಯಾಗುತ್ತದೆ, ಎರಡನೆಯದರಿಂದ ಬೇಜಾರಾಗುತ್ತದೆ. ಯಾವ ನಾಬ್ ಯಾವಾಗ ತಿರುಗಿಸಬೇಕಿತ್ತು ಎನ್ನುವುದು ಮಾತ್ರ ಎರಡರಿಂದಲೂ ತಿಳಿಯುವುದಿಲ್ಲ. ಎಷ್ಟನೇ ನಿಮಿಷದಲ್ಲಿ ಏನು ಕೇಳಿಸಿತು, ಯಾಕೆ ಹಾಗಾಯಿತು, ಮುಂದಿನ ಸಲ ಏನು ಮಾಡಬೇಕು ಎಂಬ ಮೂರನ್ನು ಹೇಳಲು ಬಂದರೆ ನಿಮ್ಮ ಮಾತಿನಿಂದ ಪ್ರಯೋಜನವಿದೆ. ಅದಕ್ಕೆ ನೀವು ಹೆಸರು ಮಾಡಿದ ಡಿಜೆಯೇ ಆಗಿರಬೇಕಿಲ್ಲ.

ಮೊದಲು ವಿಚಾರಿಸಿ

ಪ್ಲೇ ಒತ್ತುವ ಮುಂಚೆ ಈ ಮಿಕ್ಸ್ ಯಾರಿಗೆ ಎಂದು ಕೇಳಿ. ಬಡಾವಣೆಯ ಗಣೇಶೋತ್ಸವಕ್ಕೋ, ಕಾಲೇಜು ಫೆಸ್ಟಿಗೋ, ಇಂದಿರಾನಗರದ ಪಬ್ಬಿಗೋ? ಶಬ್ದ ಮಾಲಿನ್ಯ ನಿಯಮ 2000ರ ಪ್ರಕಾರ ಬಯಲಿನಲ್ಲಿ ಧ್ವನಿವರ್ಧಕ ಸಾಮಾನ್ಯವಾಗಿ ರಾತ್ರಿ 10ಕ್ಕೆ ನಿಲ್ಲಬೇಕು. ಹಾಗಾಗಿ ಅಂಥ ಕಾರ್ಯಕ್ರಮದ ಸೆಟ್ ಬೇಗನೆ ರಂಗೇರಬೇಕು. ಪಬ್ಬಿನಲ್ಲಿ ಸಂಜೆ ಎಂಟಕ್ಕೆ ಶುರುವಾಗುವ ಸೆಟ್ ಊಟಕ್ಕೆ ಕೂತವರ ಮಾತಿಗೆ ಅಡ್ಡ ಬರಬಾರದು. ಒಂದರಲ್ಲಿ ‘ತೀರಾ ನಿಧಾನ’ ಎನಿಸುವುದು ಇನ್ನೊಂದರಲ್ಲಿ ಸರಿಯಾದ ನಡೆಯೇ ಆಗಿರಬಹುದು.

ಎರಡು ಹಾಡಿನ ಬೀಟನ್ನು ತಾನೇ ಹೊಂದಿಸುವ ಸಿಂಕ್ ಬಟನ್ ಬಳಸಿದ್ದಾರೋ, ಕಿವಿಯಿಂದ ಹೊಂದಿಸಿದ್ದಾರೋ ಎಂದೂ ಕೇಳಿ. ಸಿಂಕ್ ಬಳಸಿದರೆ ತಪ್ಪೇನಿಲ್ಲ, ಆದರೆ ತಪ್ಪಿನ ಮೂಲ ಹುಡುಕುವ ದಾರಿ ಬೇರೆಯಾಗುತ್ತದೆ. ಹಾಡುಗಳ ಫೈಲ್ ಎಲ್ಲಿಂದ ಬಂತು ಎನ್ನುವುದೂ ಮುಖ್ಯ. ವಿಡಿಯೊದಿಂದ ಇಳಿಸಿಕೊಂಡ 128 ಕೆಬಿಪಿಎಸ್ ಎಂಪಿ3ಯಲ್ಲಿ ಸುಮಾರು 16 ಕಿಲೋಹರ್ಟ್ಸ್‌ಗಿಂತ ಮೇಲಿನ ನಾದ ಬಹುತೇಕ ಕತ್ತರಿಸಿಹೋಗಿರುತ್ತದೆ. ಅದನ್ನು 320ಕ್ಕೆ ಬದಲಾಯಿಸಿ ಸೇವ್ ಮಾಡಿದರೂ ಹೋದದ್ದು ವಾಪಸ್ ಬರುವುದಿಲ್ಲ. ಅಂಥ ಹಾಡು ದೊಡ್ಡ ಸ್ಪೀಕರಿನಲ್ಲಿ ಮಂಕಾಗಿ ಕೇಳಿಸಿದರೆ ಅದು ಮಿಕ್ಸಿಂಗಿನ ದೋಷವಲ್ಲ.

ಎರಡು ಗಂಟೆಯ ಸೆಟ್ ಕಳಿಸಿದರೆ ಒಪ್ಪಿಕೊಳ್ಳಬೇಡಿ. ಒಂದೇ ಓಟದಲ್ಲಿ ರೆಕಾರ್ಡ್ ಮಾಡಿದ 20ರಿಂದ 30 ನಿಮಿಷ ಸಾಕು. ಅಷ್ಟರಲ್ಲೇ ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವ ಏಳೆಂಟು ಬದಲಾವಣೆ ಬರುತ್ತವೆ, ಕೈಯ ಅಭ್ಯಾಸವೆಲ್ಲ ಕಾಣಿಸುತ್ತದೆ.

ಎರಡು ಸಲ ಕೇಳಿ

ಫೋನಿನ ಸ್ಪೀಕರಿನಲ್ಲಿ ಕೇಳಿ ಅಭಿಪ್ರಾಯ ಹೇಳಲೇಬೇಡಿ. ಅದರಲ್ಲಿ ಬಾಸ್ ಹೆಚ್ಚುಕಡಿಮೆ ಬರುವುದೇ ಇಲ್ಲ, ಹೊಸಬರ ತಪ್ಪುಗಳಲ್ಲಿ ಅರ್ಧಕ್ಕರ್ಧ ಇರುವುದು ಬಾಸಿನಲ್ಲೇ. ವೈರ್ ಇರುವ ಸಾಧಾರಣ ಹೆಡ್‌ಫೋನ್ ಆದರೂ ಸಾಕು.

ಮೊದಲ ಸಲ ಎಲ್ಲೂ ನಿಲ್ಲಿಸದೆ, ಪರದೆ ನೋಡದೆ, ಹಾಡುಗಳ ಪಟ್ಟಿ ಓದದೆ ಕೇಳಿ. ವೇವ್‌ಫಾರ್ಮ್ (ಸದ್ದಿನ ಅಲೆಯ ಚಿತ್ರ) ಕಣ್ಣೆದುರಿಗಿದ್ದರೆ ಕಿವಿಗೆ ಕೇಳದ ತಪ್ಪೂ ಕಣ್ಣಿಗೆ ಕಾಣುತ್ತದೆ, ಕುಣಿಯುವವರಿಗೆ ಅದು ಲೆಕ್ಕಕ್ಕಿಲ್ಲ. ಕಾಲು ತಾನಾಗಿ ಆಡುವುದು ಎಲ್ಲಿ ನಿಂತಿತು, ಗಮನ ಎಲ್ಲಿ ತಪ್ಪಿತು ಎಂದು ಗಡಿಯಾರದ ಅಂಕಿ ಮಾತ್ರ ಬರೆದುಕೊಳ್ಳಿ. ಎರಡನೇ ಸಲ ಆ ಜಾಗಗಳಿಗೆ ಹೋಗಿ, ಒಂದು ನಿಮಿಷ ಹಿಂದಿನಿಂದ ಒಂದು ನಿಮಿಷ ಮುಂದಿನವರೆಗೆ ಕೇಳಿ ಕಾರಣ ಹುಡುಕಿ. ಹುಡುಕುವ ಕ್ರಮ ಹೀಗಿರಲಿ: ಸದ್ದಿನ ಮಟ್ಟ, ಫ್ರೇಸ್ (ಹಾಡಿನ ಬೀಟುಗಳ ಗುಂಪು), ಬಾಸ್, ಬೀಟ್, ಆಮೇಲೆ ಉಳಿದದ್ದು. ಎಲ್ಲರೂ ಬೀಟಿನಿಂದಲೇ ಶುರು ಮಾಡುತ್ತಾರೆ. ಮೇಲಿನ ಮೂರು ಕೆಟ್ಟಿದ್ದರೆ ಬೀಟ್ ಎಷ್ಟು ಸರಿಯಾಗಿ ಕೂತರೂ ಮಿಕ್ಸ್ ಗಲೀಜಾಗಿಯೇ ಕೇಳಿಸುತ್ತದೆ.

ಸದ್ದಿನ ಮಟ್ಟ

ಹೊಸ ಹಾಡು ಬಂದ ಕೂಡಲೇ ವಾಲ್ಯೂಮ್ ಹಾರಿದರೆ ಅಥವಾ ಬಿದ್ದರೆ ಗೇನ್ (ಪ್ರತಿ ಚಾನೆಲ್ಲಿಗೆ ಒಳಬರುವ ಸದ್ದಿನ ಮಟ್ಟ) ಹೊಂದಿಸಿಲ್ಲ ಎಂದರ್ಥ. ಎಂಬತ್ತರ ದಶಕದ ಚಿತ್ರಗೀತೆಯನ್ನೂ ಈ ವರ್ಷದ ಹಾಡನ್ನೂ ಒಂದೇ ಗೇನಿನಲ್ಲಿ ಬಿಟ್ಟರೆ ಹೀಗಾಗುವುದು ಸಹಜ, ಏಕೆಂದರೆ ಈಗಿನ ಹಾಡುಗಳನ್ನು ಬಹಳ ಜೋರಾಗಿ ಮಾಸ್ಟರ್ ಮಾಡಿರುತ್ತಾರೆ. ಹೆಡ್‌ಫೋನಿನಲ್ಲಿ ಕ್ಯೂ (ಹಾಡನ್ನು ಹೊರಗೆ ಬಿಡದೆ ಕಿವಿಗಷ್ಟೇ ಕೇಳಿಸುವ ಗುಂಡಿ) ಒತ್ತಿ, ಹಾಡಿನ ಅತಿ ಜೋರಾದ ಭಾಗವನ್ನು ಹಾಕಿ, ಎರಡೂ ಚಾನೆಲ್ಲಿನ ಮೀಟರ್ ಸಮನಾಗುವಂತೆ ಗೇನ್ ತಿರುಗಿಸಲು ಹೇಳಿ. ಮೆಲ್ಲಗಿರುವ ಇಂಟ್ರೊ ಕೇಳಿ ಗೇನ್ ಏರಿಸಿದರೆ ಡ್ರಮ್ಸ್ ಬಂದಾಗ ಕೆಂಪು ದೀಪ ಹತ್ತುತ್ತದೆ.

ರೆಕಾರ್ಡಿಂಗ್ ಒಡೆದಂತೆ ಕೇಳಿಸಿದರೆ ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿ. ಅಲೆಗಳ ತುದಿ ಕತ್ತರಿಸಿದಂತೆ ಚಪ್ಪಟೆಯಾಗಿದ್ದರೆ ಕ್ಲಿಪ್ ಆಗಿದೆ. ಆಮೇಲೆ ವಾಲ್ಯೂಮ್ ಇಳಿಸಿದರೆ ಅದು ಸರಿಹೋಗುವುದಿಲ್ಲ. ಅತಿ ಜೋರಾದ ಜಾಗದಲ್ಲೂ ಸೊನ್ನೆಗಿಂತ 3ರಿಂದ 6 ಡೆಸಿಬೆಲ್ ಕೆಳಗಿರುವಂತೆ ಮತ್ತೆ ರೆಕಾರ್ಡ್ ಮಾಡಬೇಕು.

ಫ್ರೇಸ್: ಹೆಚ್ಚು ಹೊತ್ತು ಕೊಡಬೇಕಾದ ಜಾಗ

‘ಬೀಟ್ ಕೂತಿದೆ, ಆದರೂ ಏನೋ ಸರಿಯಿಲ್ಲ’ ಎನಿಸಿದಾಗ ಹತ್ತರಲ್ಲಿ ಎಂಟು ಸಲ ಕಾರಣ ಫ್ರೇಸ್. ಕುಣಿತದ ಸಂಗೀತ ಬಹುಪಾಲು ನಾಲ್ಕು ಬೀಟಿನ ಬಾರ್‌ಗಳಲ್ಲಿ, ಎಂಟೆಂಟು ಬಾರಿನ ಗುಂಪುಗಳಲ್ಲಿ ನಡೆಯುತ್ತದೆ. ಅಂದರೆ 32 ಬೀಟಿಗೊಮ್ಮೆ ಏನಾದರೂ ಬದಲಾಗುತ್ತದೆ: ಹೊಸ ವಾದ್ಯ ಬರುತ್ತದೆ, ಡ್ರಮ್ಸ್ ನಿಲ್ಲುತ್ತದೆ, ಹಾಡುವವರು ಶುರು ಮಾಡುತ್ತಾರೆ. 128 ಬಿಪಿಎಂನಲ್ಲಿ (ನಿಮಿಷಕ್ಕೆ 128 ಬೀಟ್) 32 ಬೀಟಿಗೆ ಸರಿಯಾಗಿ 15 ಸೆಕೆಂಡ್, 96ರಲ್ಲಿ 20 ಸೆಕೆಂಡ್. ಒಂದು ಹಾಡಿನ ಗುಂಪು ಮುಗಿಯುವ ಕಡೆಯೇ ಇನ್ನೊಂದರ ಗುಂಪು ಶುರುವಾದರೆ ಎರಡೂ ಸೇರಿ ಒಂದೇ ಹಾಡೆನಿಸುತ್ತದೆ. ಎಂಟು ಬೀಟ್ ತಡವಾಗಿ ಶುರುವಾದರೆ ಡ್ರಾಪ್ (ಹಾಡು ಒಮ್ಮೆಲೇ ಜೋರಾಗುವ ಜಾಗ) ಬರಬೇಕಾದಲ್ಲಿ ಬರುವುದಿಲ್ಲ, ಬಂದಾಗ ಹಳೆಯ ಹಾಡು ಇನ್ನೂ ಅಡ್ಡ ನಿಂತಿರುತ್ತದೆ.

ಇದನ್ನು ಕಲಿಸಲು ನಮ್ಮಲ್ಲಿ ಸುಲಭದ ದಾರಿಯಿದೆ. ಸಂಗೀತ ಪಾಠಕ್ಕೆ ಒಂದಿಷ್ಟು ದಿನ ಹೋದವರಿಗೂ ಆದಿತಾಳ ಹಾಕಲು ಬರುತ್ತದೆ. ಎಂಟು ಎಣಿಕೆಯ ಆ ಆವರ್ತನ ನಾಲ್ಕಾದರೆ 32 ಬೀಟ್. ತಮ್ಮ ಮಿಕ್ಸನ್ನೇ ಹಾಕಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಲು ಹೇಳಿ. ಹೊಸ ಹಾಡು ಬಂದಾಗ ಕೈ ಆವರ್ತನದ ನಡುವೆ ಎಲ್ಲೋ ಇದ್ದರೆ ತಪ್ಪನ್ನು ನೀವು ಹೇಳಬೇಕಾದ್ದೇ ಇಲ್ಲ.

ಕನ್ನಡ ಚಿತ್ರಗೀತೆ ಮಿಕ್ಸ್ ಮಾಡುವವರಿಗೆ ಕಷ್ಟ ಸ್ವಲ್ಪ ಹೆಚ್ಚು. ಕ್ಲಬ್ಬಿಗೆಂದೇ ಮಾಡಿದ ಟ್ರ್ಯಾಕಿನಲ್ಲಿ ಬರೀ ಡ್ರಮ್ಸ್ ಇರುವ ಇಂಟ್ರೊ, ಔಟ್ರೊ ಇರುತ್ತವೆ. ಚಿತ್ರಗೀತೆಯಲ್ಲಿ ಹಲವು ಸಲ ನಾಲ್ಕು ಸೆಕೆಂಡಿಗೇ ಪಲ್ಲವಿ ಶುರು. ಹಾಗಾಗಿ ಒಬ್ಬರ ಚರಣದ ಮೇಲೆ ಇನ್ನೊಬ್ಬರ ಪಲ್ಲವಿ ಬಿದ್ದು ಎರಡು ದನಿ ಕಿತ್ತಾಡುವುದು ಹೊಸಬರ ಮಿಕ್ಸಿನಲ್ಲಿ ಪದೇ ಪದೇ ಕೇಳಿಸುತ್ತದೆ. ಹೊರಹೋಗುವ ಹಾಡನ್ನು ಪಲ್ಲವಿಯ ನಂತರದ ವಾದ್ಯಸಂಗೀತದಲ್ಲಿ ಬಿಡುವುದು ಒಂದು ಉಪಾಯ. ಒಳಬರುವ ಹಾಡಿನ ಇಂಟ್ರೊದಲ್ಲಿ ಡ್ರಮ್ಸ್ ಇರುವ ನಾಲ್ಕು ಬೀಟನ್ನು ಲೂಪ್ ಮಾಡಿ ಬೇಕಾದಷ್ಟು ಹಿಗ್ಗಿಸುವುದು ಇನ್ನೊಂದು. ಬಹಳ ಬಳಸುವ ಹಾಡಾದರೆ ಮುಂದೆ 16 ಬಾರ್ ಡ್ರಮ್ಸ್ ಜೋಡಿಸಿ ಸ್ವಂತ ಎಡಿಟ್ ಮಾಡಿಟ್ಟುಕೊಳ್ಳುವುದೇ ಒಳ್ಳೆಯದು. ‘ದನಿ ಮೇಲೆ ದನಿ ಬಂತು’ ಎಂದಷ್ಟೇ ಹೇಳಿ ಬಿಡಬೇಡಿ. ಆ ಎರಡು ಹಾಡಿನಲ್ಲಿ ದನಿಯಿಲ್ಲದ ಜಾಗ ಎಲ್ಲಿದೆ ಎಂದು ಹುಡುಕಿ ನಿಮಿಷ ಸಮೇತ ತೋರಿಸಿ.

ಬಾಸ್

ಬದಲಾವಣೆಯ ನಡುವೆ ಸದ್ದು ದಪ್ಪಗಾಗಿ, ಕಿಕ್ಕಿನ (ದಪ್ಪ ಡ್ರಮ್ಮಿನ) ಏಟು ಮೆತ್ತಗಾದರೆ ಎರಡೂ ಹಾಡಿನ ಬಾಸ್ ತೆರೆದೇ ಇದೆ. ಸಮಬಲದ ಎರಡು ತಗ್ಗು ಅಲೆ ಜೊತೆಗೂಡಿದರೆ ಮಟ್ಟ 6 ಡೆಸಿಬೆಲ್‌ವರೆಗೆ ಏರುತ್ತದೆ, ಎದುರುಬದುರಾದರೆ ಒಂದನ್ನೊಂದು ಅಳಿಸುತ್ತವೆ. ಎರಡೂ ಬೇಡ. ಒಳಬರುವ ಹಾಡಿನ ಲೋ ನಾಬ್ (ಬಾಸ್ ಏರಿಳಿಸುವುದು) ಪೂರ್ತಿ ಎಡಕ್ಕಿಟ್ಟುಕೊಂಡು ವಾಲ್ಯೂಮಿನ ಫೇಡರ್ ಏರಿಸಬೇಕು. ಮುಂದಿನ ಫ್ರೇಸಿನ ಮೊದಲ ಬೀಟಿನಲ್ಲಿ ಒಂದು ಕೈಯಲ್ಲಿ ಹಳೆಯದರ ಲೋ ಇಳಿಸಿ, ಇನ್ನೊಂದರಲ್ಲಿ ಹೊಸದರ ಲೋ ನಡುವಿನ ಗುರುತಿಗೆ ತರಬೇಕು. ನಡುವಿನ ಗುರುತು ದಾಟಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಹಳೆಯದರ ಲೋ ಮುಂಚೆಯೇ ಇಳಿಸಿಬಿಟ್ಟರೆ ನಡುವೆ ಬಾಸೇ ಇಲ್ಲದ ಖಾಲಿ ಜಾಗ ಉಳಿಯುತ್ತದೆ. ಬೇಕೆಂದೇ ಮಾಡಿದ್ದಾದರೆ ಚೆಂದ, ಕೈ ತಡವಾಗಿ ಆದದ್ದಾದರೆ ಕುಣಿತ ನಿಲ್ಲುತ್ತದೆ. ಬೇಕೆಂದು ಮಾಡಿದ್ದೇ ಎಂದು ಕೇಳಿ ತಿಳಿದುಕೊಳ್ಳಿ.

ಬೀಟ್ ಜಾರಿದ್ದು ಎಲ್ಲಿ

ಎರಡು ಕಿಕ್ ಸೇರದೆ ಕುದುರೆ ಓಟದ ಸದ್ದು ಬಂದರೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಅಂತರ ಮೊದಲಿನಿಂದ ಕೊನೆಯವರೆಗೆ ಅಷ್ಟೇ ಇದೆಯೋ, ಹಿಗ್ಗುತ್ತಾ ಹೋಗುತ್ತಿದೆಯೋ? ಅಷ್ಟೇ ಇದ್ದರೆ ವೇಗ ಸರಿಯಿದೆ, ಬಿಟ್ಟ ಕ್ಷಣ ತಪ್ಪಿದೆ ಅಥವಾ ಬೀಟ್‌ಗ್ರಿಡ್ (ಬೀಟ್ ಎಲ್ಲೆಲ್ಲಿದೆ ಎಂದು ಸಾಫ್ಟ್‌ವೇರ್ ಹಾಕುವ ಗುರುತು) ಪಕ್ಕಕ್ಕೆ ಸರಿದಿದೆ. ಹಾಡನ್ನು ಹಿಂದೆಮುಂದೆ ತಳ್ಳುವ ಚಕ್ರವಾದ ಜಾಗ್ ವೀಲನ್ನು ಮೆಲ್ಲಗೆ ತಳ್ಳಿದರೆ ಸಾಕಿತ್ತು. ಹಿಗ್ಗುತ್ತಿದ್ದರೆ ವೇಗವೇ ಹೊಂದಿಲ್ಲ. 128ರ ಹಾಡಿನ ಜೊತೆ 0.5 ಬಿಪಿಎಂ ವ್ಯತ್ಯಾಸವಿದ್ದರೆ ಅರ್ಧ ನಿಮಿಷದಲ್ಲಿ ಕಾಲು ಬೀಟ್, ಅಂದರೆ ಸುಮಾರು 117 ಮಿಲಿಸೆಕೆಂಡ್ ಜಾರುತ್ತದೆ. ಆಗ ಎಷ್ಟು ತಳ್ಳಿದರೂ ಮತ್ತೆ ಜಾರುತ್ತದೆ, ಟೆಂಪೊ ಸ್ಲೈಡರನ್ನೇ ಸರಿಸಬೇಕು. 0.1 ವ್ಯತ್ಯಾಸವಿದ್ದರೆ ಅಷ್ಟೇ ಹೊತ್ತಿಗೆ 23 ಮಿಲಿಸೆಕೆಂಡ್. ಚಿಕ್ಕ ಬದಲಾವಣೆಯಲ್ಲಿ ಅದನ್ನು ಯಾರೂ ಗಮನಿಸುವುದಿಲ್ಲ, ನೀವೂ ಬಿಟ್ಟುಬಿಡಿ.

ಸಿಂಕ್ ಹಾಕಿಯೂ ಜಾರಿದ್ದರೆ ಗ್ರಿಡ್ ನೋಡಿ. ಹಳೆಯ ಚಿತ್ರಗೀತೆಗಳನ್ನು ವಾದ್ಯವೃಂದ ಒಟ್ಟಿಗೆ ಕೂತು ನುಡಿಸಿದ್ದು, ವೇಗ ಅಲ್ಲಲ್ಲಿ ಏರಿಳಿಯುತ್ತದೆ. ಸಾಫ್ಟ್‌ವೇರ್ ಹಾಕಿದ ಒಂದೇ ಅಳತೆಯ ಗ್ರಿಡ್ ಅದಕ್ಕೆ ಹೊಂದುವುದಿಲ್ಲ. ಅಂಥ ಹಾಡನ್ನು ಉದ್ದಕ್ಕೆ ಮಿಕ್ಸ್ ಮಾಡದೆ ನಾಲ್ಕೆಂಟು ಬೀಟಿನಲ್ಲಿ ಮುಗಿಸುವುದು ಜಾಣತನ. ತಮಟೆ ಏಟಿನ ಹಾಡುಗಳದ್ದು ಬೇರೆ ಸಮಸ್ಯೆ. ಅವುಗಳಲ್ಲಿ ಬಹಳಷ್ಟು ತಿಶ್ರ ನಡೆಯವು, ಒಂದು ಬೀಟಿಗೆ ಮೂರು ಏಟು. ನೇರ ನಾಲ್ಕರ ನಡೆಯ ಹಾಡನ್ನು ಅದರ ಮೇಲೆ ಹೊತ್ತು ಹಿಡಿದು ಹಾಕಿದರೆ ಬಿಪಿಎಂ ಒಂದೇ ಇದ್ದರೂ ಒಳಗಿನ ಏಟು ಡಿಕ್ಕಿ ಹೊಡೆಯುತ್ತವೆ. ಫ್ರೇಸ್ ಮುಗಿದ ಕೂಡಲೇ ನೇರವಾಗಿ ಕಟ್ ಮಾಡಿ, ಅಥವಾ ಕೊನೆಯ ಏಟಿಗೆ ಎಕೋ ಹಾಕಿ ಬಿಟ್ಟು ಹೊಸ ಹಾಡನ್ನು ಒಂದನೇ ಬೀಟಿನಿಂದ ಶುರು ಮಾಡಲು ಹೇಳಿ.

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಬೀಟ್ ಹೊಂದಿಸುತ್ತಿದ್ದಾರೆಯೇ ಎಂದೂ ವಿಚಾರಿಸಿ. ಅದರಲ್ಲಿ ಸದ್ದು ತಡವಾಗಿ ಕಿವಿಗೆ ಬರುತ್ತದೆ. ಅದನ್ನು ಬದಲಾಯಿಸುವವರೆಗೆ ಬೇರೆ ಸಲಹೆ ಕೊಟ್ಟು ಫಲವಿಲ್ಲ.

ಉಳಿದದ್ದು

ಶ್ರುತಿಯ ವಿಷಯ ಕಿವಿಗೆ ಚುಚ್ಚಿದರೆ ಮಾತ್ರ ಎತ್ತಿ. ಶ್ರುತಿಗಳಿಗೆ ಅಂಕಿ, ಅಕ್ಷರ ಕೊಟ್ಟು ಹೊಂದುವುವನ್ನು ತೋರಿಸುವ ಕ್ಯಾಮೆಲಾಟ್ ಚಕ್ರದಲ್ಲಿ 8ಎ ಹಾಡಿನ ಜೊತೆ 7ಎ, 9ಎ, 8ಬಿ ಸಾಮಾನ್ಯವಾಗಿ ಹೊಂದುತ್ತವೆ. ವೇಗ ಬದಲಿಸಿದರೂ ಶ್ರುತಿ ಬದಲಾಗದಂತೆ ಹಿಡಿಯುವ ಕೀ ಲಾಕ್ ಆಫ್ ಇದ್ದು ವೇಗವನ್ನು ಶೇ 6ರಷ್ಟು ಏರಿಸಿದರೆ ಶ್ರುತಿ ಹತ್ತಿರಹತ್ತಿರ ಅರ್ಧ ಸ್ವರ ಮೇಲೇರುತ್ತದೆ ಎನ್ನುವುದು ನೆನಪಿರಲಿ. ಬದಲಾವಣೆಯಲ್ಲಿ ಬರೀ ಡ್ರಮ್ಸ್ ಇದ್ದರೆ ಇದಾವುದೂ ಅಡ್ಡಿಯಲ್ಲ.

ಹಾಡಿನ ಆಯ್ಕೆಯ ಬಗ್ಗೆ ಹೇಳುವಾಗ ನಿಮ್ಮ ರುಚಿಯನ್ನು ದೂರ ಇಡಿ. ‘ಈ ಹಾಡು ಚೆನ್ನಾಗಿಲ್ಲ’ ಎನ್ನುವ ಬದಲು ‘128ರಲ್ಲಿ ಎರಡು ಹಾಡು ಓಡಿದ ಮೇಲೆ 95ಕ್ಕೆ ಇಳಿದಾಗ ಕುಣಿತ ನಿಂತಿತು’ ಎನ್ನಿ. ಎಫೆಕ್ಟ್ ವಿಪರೀತವಾಗಿದ್ದರೆ ಎಷ್ಟು ಸಲ ಬಂತೆಂದು ಎಣಿಸಿ ಹೇಳಿ. ಅರ್ಧ ಗಂಟೆಯಲ್ಲಿ ಏರ್‌ಹಾರ್ನ್ ಹದಿನಾಲ್ಕು ಸಲ ಬಂದಿದೆ ಎಂದು ಗೊತ್ತಾದರೆ ಅದನ್ನು ಬಿಡಿಸಲು ಬೇರೆ ಮಾತು ಬೇಕಾಗುವುದಿಲ್ಲ.

ಹೇಳುವ ರೀತಿ

ನೀವು ಗುರುತು ಹಾಕಿಕೊಂಡ ತಪ್ಪು ಹದಿನೈದಿರಬಹುದು. ಅವುಗಳಲ್ಲಿ ಎರಡನ್ನು ಮಾತ್ರ ಆರಿಸಿ. ಬದಲಾವಣೆಯ ಆ 15 ಸೆಕೆಂಡಿನಲ್ಲಿ ಹೊಸಬರ ಗಮನ ಎರಡು ಕಡೆಗಿಂತ ಹೆಚ್ಚು ಹರಿಯುವುದಿಲ್ಲ. ಸರಿಯಾಗಿ ಬಂದ ಒಂದನ್ನೂ ಅಷ್ಟೇ ಖಚಿತವಾಗಿ ಹೇಳಿ, ಇಲ್ಲದಿದ್ದರೆ ಮುಂದಿನ ಸಲ ಅದನ್ನೂ ಬದಲಾಯಿಸಿಬಿಡುತ್ತಾರೆ. ಒಂದು ಮಾದರಿ:

‘11:40ರದ್ದು ಚೆನ್ನಾಗಿ ಬಂದಿದೆ. ಬಿಜಿಎಂ ಮುಗಿಯೋ ಒಂದನೇ ಬೀಟಿಗೇ ಎರಡನೇ ಹಾಡಿನ ಡ್ರಮ್ಸ್ ಒಳಗೆ ಬಂತು, ಅದನ್ನ ಹಾಗೇ ಇಟ್ಕೋ. 16:05ರಿಂದ 16:20ರವರೆಗೆ ಎರಡೂ ಬಾಸ್ ಒಟ್ಟಿಗಿದೆ, ಕಿಕ್ ಮೆತ್ತಗಾಗಿದೆ. ಒಳಗೆ ಬರೋದರ ಲೋ ಪೂರ್ತಿ ಇಳಿಸ್ಕೊಂಡು ಶುರು ಮಾಡು, 33ನೇ ಬೀಟಿಗೆ ಎರಡೂ ಲೋ ಅದಲುಬದಲು ಮಾಡು. ಇನ್ನೊಂದು, 22:30ರಲ್ಲಿ ಚರಣದ ಸಾಲು ಅರ್ಧಕ್ಕೇ ಕಟ್ ಆಗಿದೆ, ಇನ್ನು ಎಂಟು ಬೀಟ್ ತಡೆದಿದ್ರೆ ಸಾಲು ಮುಗೀತಿತ್ತು. ಈ ವಾರ 16:05ರ ಎರಡು ಹಾಡು ಮಾತ್ರ ತಗೊಂಡು ಹತ್ತು ಸಲ ಮಾಡು, ಹತ್ತನೇದನ್ನ ಕಳಿಸು.’

ಪಕ್ಕದಲ್ಲೇ ಕೂತು ಹೇಳುತ್ತಿದ್ದರೆ ನಾಬ್ ಮೇಲೆ ನೀವು ಕೈ ಇಡಬೇಡಿ. ನೀವು ಮಾಡಿ ತೋರಿಸಿದ್ದು ಅವರ ಕಣ್ಣಿಗೆ ಗೊತ್ತಾಗುತ್ತದೆ, ಕೈಗೆ ಗೊತ್ತಾಗುವುದಿಲ್ಲ. ‘ಈಗ’ ಎಂದು ಬಾಯಲ್ಲಿ ಹೇಳಿ, ಅವರೇ ತಿರುಗಿಸಲಿ. ಎರಡು ಮೂರು ಸಲ ಆದ ಮೇಲೆ ‘ಈಗ’ ಎನ್ನುವುದನ್ನೂ ನಿಲ್ಲಿಸಿ.

ತಿದ್ದಿದ ತುಣುಕು ಬಂದಾಗ ಮೊದಲು ನೀವು ಹೇಳಿದ ಆ ಎರಡನ್ನೇ ನೋಡಿ. ಬಾಸ್ ಸರಿಹೋಗಿ ಬೀಟ್ ಹೊಸದಾಗಿ ಜಾರಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಗಮನವೆಲ್ಲ ಲೋ ನಾಬಿನ ಮೇಲಿತ್ತು. ಅದನ್ನು ಹಿನ್ನಡೆ ಎಂದು ಹೇಳಬೇಡಿ. ಅದೇ ಎರಡು ಹಾಡನ್ನು ಸಿಂಕ್ ಹಾಕಿಕೊಂಡು ಇನ್ನೊಂದು ವಾರ ಮಾಡಲಿ. ಲೋ ಬದಲಿಸುವುದು ಕೈಗೆ ರೂಢಿಯಾದ ಮೇಲೆ ಸಿಂಕ್ ತೆಗೆಯಲು ಹೇಳಿ.